ಆಟಗಾರ್ತಿಯ ಕಾಯಂ ವಿಳಾಸ

ಹೆಣ್ಣುಮಕ್ಕಳ ಫುಟ್‌ಬಾಲಿಗೆ ಈಗ ಎಲ್ಲಿ ನೋಡಿದರೂ ಜನ. ನಮ್ಮ ಬ್ಯಾಂಕಿನ ಹೊಸ ಹುಡುಗಿಯರು ಮೊಬೈಲಿನ ಬೆನ್ನಿಗೆ ಯಾವ ಯಾವುದೋ ದೇಶದ ಆಟಗಾರ್ತಿಯರ ಚಿತ್ರ ಅಂಟಿಸಿಕೊಂಡಿದ್ದಾರೆ. ವಿಶ್ವಕಪ್ ಬಂತೆಂದರೆ ಅಹಮದಾಬಾದಿನ ಕೆಫೆಗಳಲ್ಲಿ ಮೊದಲೇ ಹೇಳಿ ಕುರ್ಚಿ ಹಿಡಿದಿಡಬೇಕು. ಇದು ಒಳ್ಳೆಯ ಸುದ್ದಿ ಎಂದು ಎಲ್ಲರೂ ಹೇಳುತ್ತಾರೆ, ಒಳ್ಳೆಯದೇ ಇರಬೇಕು. ಆದರೆ ಆ ಕೂಗು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಹುಡುಕಿಕೊಂಡು ಹೋದರೆ ದಾರಿ ಸುತ್ತಿ ಬಂದು ನನ್ನ ಮುಂದೆಯೇ ನಿಲ್ಲುತ್ತದೆ. ನನ್ನ ಮಗಳು ಈ ಆಟ ಆಡಬೇಕಾದವಳು, ಈಗ ನೋಡುತ್ತಾಳೆ. ಅವಳನ್ನು ಮೈದಾನದಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದವಳು ನಾನು.

ನಾನು ಬ್ಯಾಂಕಿನಲ್ಲಿ ಅಧಿಕಾರಿ. ಮಗಳಿಗೆ ಐದು ತುಂಬಿದ ವರ್ಷ ಗಂಡ ತೀರಿಕೊಂಡರು. ಅದಾದ ಎರಡು ವರ್ಷಕ್ಕೆ ಬ್ಯಾಂಕು ನನಗೆ ಬಡ್ತಿ ಕೊಟ್ಟು ಗುಜರಾತಿಗೆ ಎಸೆಯಿತು. ಮೊದಲು ಸೂರತ್, ಆಮೇಲೆ ವಡೋದರಾ, ಈಗ ಅಹಮದಾಬಾದ್. ವರ್ಗದ ನೌಕರಿಯವರ ಬಾಳು ನಿಮಗೆ ಗೊತ್ತಿದ್ದದ್ದೇ. ಮನೆ ಬದಲಾಗುತ್ತದೆ, ಗ್ಯಾಸ್ ಬದಲಾಗುತ್ತದೆ, ಮಕ್ಕಳ ಶಾಲೆಯ ಅಂಗಿಯ ಬಣ್ಣ ಬದಲಾಗುತ್ತದೆ. ಒಂದು ಮಾತ್ರ ಬದಲಾಗುವುದಿಲ್ಲ, ಕಾಯಂ ವಿಳಾಸ. ನಮ್ಮದು ಧಾರವಾಡದ ಸಪ್ತಾಪುರದಲ್ಲಿ ಗಂಡ ಕೊಂಡಿದ್ದ ಎರಡು ಕೋಣೆಯ ಮನೆ. ಅಲ್ಲೀಗ ಕಾಲೇಜಿನ ಹುಡುಗರು ಬಾಡಿಗೆಗಿದ್ದಾರೆ, ನಮ್ಮವರೆಂದು ಒಂದು ಬೆಕ್ಕೂ ಇಲ್ಲ. ಆದರೂ ನನ್ನ ಆಧಾರ್, ಮಗಳ ಆಧಾರ್, ಬ್ಯಾಂಕಿನ ದಾಖಲೆ, ಎಲ್ಲದರಲ್ಲೂ ಅದೇ ಮನೆಯ ನಂಬರು. ನಮ್ಮ ಕಡೆಯಿಂದ ವರ್ಗವಾಗಿ ಬಂದ ಎಲ್ಲ ಮನೆಗಳಲ್ಲೂ ಹೀಗೇ. ಇಲ್ಲಿನ ವಿಳಾಸ ಬರೆಸಿದರೆ ಊರಿನ ಋಣ ಹರಿದುಹೋಗುತ್ತದೆ ಎಂಬಂತೆ ಕಾಪಾಡಿಕೊಳ್ಳುತ್ತೇವೆ.

ಮಗಳಿಗೂ ಅದನ್ನೇ ಕಲಿಸಿದೆ. ಯಾರು ಎಲ್ಲಿಯವರು ಎಂದು ಕೇಳಿದರೂ ‘ನಾವು ಇಲ್ಲಿಯವರಲ್ಲ, ಧಾರವಾಡದವರು’ ಎನ್ನಬೇಕು. ಸೂರತ್ತಿಗೆ ಹೋಗಿ ಆರು ತಿಂಗಳಿಗೇ ಅವಳು ಅದನ್ನು ಗುಜರಾತಿಗೆ ತಿರುಗಿಸಿಕೊಂಡಳು. ಪಕ್ಕದ ಮನೆಯಾಕೆ ಕೇಳಿದರೆ ಎರಡೂ ಕೈ ಹಿಂದೆ ಕಟ್ಟಿಕೊಂಡು, ‘ಅಮೇ ಅಹೀಂನಾ ನಥೀ, ಧಾರವಾಡನಾ ಛೀಏ’ ಎಂದು ಪಾಠ ಒಪ್ಪಿಸುತ್ತಿದ್ದಳು. ಕನ್ನಡಕ್ಕಿಂತ ಚೆನ್ನಾಗಿ ಗುಜರಾತಿ ಆಡುವ ಹುಡುಗಿ ನಾವು ಇಲ್ಲಿಯವರಲ್ಲ ಎನ್ನುವುದನ್ನು ಕೇಳಿ ಆಕೆ ನಗುತ್ತಿದ್ದಳು. ನಾನು ಮಾತ್ರ ಹೆಮ್ಮೆಯಿಂದ ಉಬ್ಬುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಸೂರತ್ತಿನಲ್ಲಿ ನನ್ನ ಶಾಖೆ ಪಾಂಡೇಸರಾದಲ್ಲಿತ್ತು. ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳ ನಡುವೆ ಕೂತು ಕೂತು ನನ್ನ ಸೀರೆಗಳಿಗೆಲ್ಲ ಆ ವಾಸನೆ ಹತ್ತಿತ್ತು. ಹೊಸ ಖಾತೆ ತೆರೆಯುವ ಮೇಜು ನನ್ನದು. ಬರುವವರು ಹೆಚ್ಚಾಗಿ ಒಡಿಶಾದಿಂದ ಬಂದ ಮಿಲ್ ಕೆಲಸಗಾರರು, ಕಾರ್ಡಿನಲ್ಲಿ ಅವರ ಹಳ್ಳಿಯ ವಿಳಾಸ. ನಾನು ಪೆನ್ನಿನ ಕ್ಯಾಪಿನಿಂದ ಕಾರ್ಡನ್ನು ಎರಡು ಸಲ ತಟ್ಟಿ, ‘ವಿಳಾಸ ಇಲ್ಲಿಯದಲ್ಲ’ ಎಂದು ವಾಪಸು ಕಳಿಸುತ್ತಿದ್ದೆ. ಕೆಲವರು ಕೋಣೆಯ ಮಾಲೀಕನ ಚೀಟಿ ತರುತ್ತಿದ್ದರು, ಕೆಲವರು ಮಿಲ್ಲಿನ ಪಾಸು. ಅದಕ್ಕೆಲ್ಲ ಬೇರೆ ದಾರಿಗಳಿದ್ದವು, ಮನಸ್ಸು ಮಾಡಿದ್ದರೆ ಖಾತೆ ತೆರೆದುಕೊಡಬಹುದಿತ್ತು. ಮಾಡಲಿಲ್ಲ. ಕಟ್ಟುನಿಟ್ಟಿನ ಹೆಂಗಸು ಎಂಬ ಹೆಸರು ನನಗೆ ಇಷ್ಟವಾಗಿತ್ತು.

ಮಗಳಿಗೆ ಫುಟ್‌ಬಾಲ್ ಕಲಿಸಿದವರೂ ಅವರೇ. ನಾವಿದ್ದ ಮನೆಯ ಹಿಂದಿನ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ಪಾಳಿ ಮುಗಿಸಿ ಬಂದ ಕೆಲಸಗಾರರು ಬರಿಗಾಲಲ್ಲಿ ಆಡುತ್ತಿದ್ದರು. ಇವಳು ಮೊದಲ ಭಾನುವಾರ ಗೋಡೆಯ ಹತ್ತಿರ ನಿಂತು ನೋಡಿದಳು, ಎರಡನೆಯ ಭಾನುವಾರ ಹೊರಗೆ ಹೋದ ಚೆಂಡು ತಂದುಕೊಟ್ಟಳು, ಮೂರನೆಯ ಭಾನುವಾರ ಒಳಗಿದ್ದಳು. ನಾನು ಮನೆಯ ಬಾಲ್ಕನಿಯಿಂದ, ‘ಸಾಕ ಬಾರವಾ, ಮಾರಿ ನೋಡ್ಕೊ, ಕರ್ರಗ ಆಗೀದಿ’ ಎಂದು ಕೂಗುತ್ತಿದ್ದೆ. ಅವಳಿಗೆ ಕೇಳಿಸುತ್ತಿರಲಿಲ್ಲ, ಕೇಳಿಸಿದರೂ ತಿರುಗುತ್ತಿರಲಿಲ್ಲ.

ಒಂದು ವರ್ಷ ಜೂನಿನಲ್ಲಿ ಎರಡು ವಿಶ್ವಕಪ್ ಒಟ್ಟಿಗೆ ಬಂದವು. ಇಂಗ್ಲೆಂಡಿನಲ್ಲಿ ಗಂಡಸರ ಕ್ರಿಕೆಟ್ಟು, ಫ್ರಾನ್ಸಿನಲ್ಲಿ ಹೆಂಗಸರ ಫುಟ್‌ಬಾಲು. ಎರಡನೆಯದೊಂದು ನಡೆಯುತ್ತಿದೆ ಎಂದು ಇಡೀ ಸೂರತ್ತಿನಲ್ಲಿ ಗೊತ್ತಿದ್ದದ್ದು ನನ್ನ ಮಗಳೊಬ್ಬಳಿಗೇ ಇರಬೇಕು. ಸಂಜೆ ಟೀವಿಯಲ್ಲಿ ನಾನು ಕ್ರಿಕೆಟ್ ಹಾಕಿಕೊಂಡರೆ ಅವಳು ನನ್ನ ಮೊಬೈಲ್ ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಒಂದು ದಿನ ಓಡಿಬಂದು ಮೊಬೈಲನ್ನು ನನ್ನ ಮೂಗಿಗೆ ಹಿಡಿದಳು.

‘ಅಮ್ಮಾ, ದೇಖ್ ನಾ, ಸ್ಟೇಡಿಯಂ ಪೂರಾ ಫುಲ್ ಐತಿ. ಎಲ್ಲಾರೂ ಹುಡುಗ್ಯಾರಿಗೆ ನೋಡಾಕ ಬಂದಾರ!’

‘ಅವರಿಗೆ ಮನ್ಯಾಗ ಕೆಲಸ ಇಲ್ಲ, ಬಂದಾರ. ಸರಿ ಅತ್ಲಾಗ, ಔಟ್ ಆದ ನೋಡು ಇಂವಾ’ ಎಂದೆ.

ಅವಳು ಸರಿದು ನಿಂತಳು. ಆಮೇಲೆ ನನಗೆ ತೋರಿಸಲಿಲ್ಲ, ಒಬ್ಬಳೇ ನೋಡಿದಳು. ಗೋಲಾದರೆ ಕೂಗಬಾರದು ಎಂದು ಬಾಯಿಗೆ ಕೈ ಒತ್ತಿಕೊಂಡು ಕುಣಿಯುತ್ತಿದ್ದುದು ಗೋಡೆಯ ಮೇಲಿನ ನೆರಳಿನಲ್ಲಿ ಕಾಣುತ್ತಿತ್ತು. ನಾನು ನಕ್ಕಿದ್ದೆ.

ಮುಂದಿನ ವರ್ಷ ವಡೋದರಾಕ್ಕೆ ವರ್ಗವಾಯಿತು. ಅಲಕಾಪುರಿಯಲ್ಲಿ, ಸ್ಟೇಷನ್ನಿನಿಂದ ನಡೆದು ಬರುವಷ್ಟು ದೂರದಲ್ಲಿ ಬಾಡಿಗೆಗೆ ಫ್ಲಾಟು. ಇಲ್ಲಿನ ಶಾಲೆಯಲ್ಲಿ ಹುಡುಗಿಯರ ತಂಡವಿತ್ತು, ಕೋಚ್ ಇದ್ದರು. ಹಿಂದೆ ರಾಜ್ಯಕ್ಕೆ ಆಡಿದ್ದ ಹೆಂಗಸು. ಕೂಗಿ ಕೂಗಿ ಗಂಟಲು ಒಡೆದುಹೋಗಿತ್ತು, ಸೀಟಿ ಊದಿದರೂ ಅದಕ್ಕಿಂತ ಅವರ ದನಿಯೇ ದೊಡ್ಡದು. ನನ್ನನ್ನು ಕರೆಸಿ, ‘ಬೆನ್’, ಎಂದರೆ ಅಕ್ಕ, ‘ನಿಮ್ಮ ಹುಡುಗಿಗೆ ಚೆಂಡು ಬರುವ ಮೊದಲೇ ಅದು ಎಲ್ಲಿ ಬರುತ್ತದೆ ಎಂದು ಗೊತ್ತಾಗುತ್ತದೆ. ಇದನ್ನು ನಾನು ಕಲಿಸಿದ್ದಲ್ಲ, ಯಾರಿಗೂ ಕಲಿಸಲಾಗುವುದೂ ಇಲ್ಲ’ ಎಂದರು. ಅದೇ ದಿನಗಳಲ್ಲಿ ಪೇಪರಿನಲ್ಲಿ ಬಂತು, ಹದಿನೇಳರ ಒಳಗಿನ ಹುಡುಗಿಯರ ವಿಶ್ವಕಪ್ಪು ನಮ್ಮ ದೇಶದಲ್ಲೇ, ಅಹಮದಾಬಾದಿನಲ್ಲೂ ಪಂದ್ಯಗಳು. ರೈಲಿನಲ್ಲಿ ಎರಡು ತಾಸಿನ ದಾರಿ. ಮಗಳು ಆ ಸುದ್ದಿಯನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳು. ಆಮೇಲೆ ಕೊರೊನಾ ಬಂತು. ಮೊದಲು ಮುಂದಕ್ಕೆ ಹಾಕಿದರು, ನಂತರ ರದ್ದು ಎಂದರು. ಫ್ರಿಜ್ಜಿನ ಮೇಲಿನ ಕಾಗದ ಹಳದಿಯಾಗುವವರೆಗೆ ಅಲ್ಲೇ ಇತ್ತು.

ಮೈದಾನ ಮತ್ತೆ ತೆರೆದ ಮೇಲೆ ಕೋಚ್ ಒಂದು ಸಂಜೆ ಮನೆಗೇ ಬಂದರು. ಚಹಾ ಕುಡಿಯುತ್ತ, ‘ಆಧಾರ್‌ಮಾ ಸರನಾಮು ಬದಲೀ ನಾಖೋ ಬೆನ್’ ಎಂದರು. ಆಧಾರಿನ ವಿಳಾಸ ಬದಲಿಸಿಬಿಡಿ ಎಂದು. ರಾಜ್ಯದ ಕಿರಿಯ ಹುಡುಗಿಯರ ತಂಡಕ್ಕೆ ಆರಿಸುವಾಗ ಇಲ್ಲಿನ ವಿಳಾಸ ಕಡೇಪಕ್ಷ ಒಂದು ವರ್ಷ ಹಳೆಯದಿರಬೇಕು, ಇನ್ನೂ ಒಂದೂವರೆ ವರ್ಷ ಇದೆ, ಈಗಲೇ ಮಾಡಿಸಿ ಎಂದರು. ನಾನು ಹೂಂ ಎಂದೆ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ, ಆ ಹೊತ್ತು ಬಂದಾಗ ನೋಡೋಣ ಎಂದುಕೊಂಡೆ. ಎರಡು ತಿಂಗಳ ನಂತರ ಅವರು ಮತ್ತೆ ಕೇಳಿದಾಗ ನನಗೆ ರೇಗಿತು. ನನಗೆ ಕೋಪ ಮೂಗಿನ ತುದಿಯಲ್ಲಿ.

‘ಇನ್ನೊಂದು ವರ್ಷಕ್ಕೆ ನನಗೆ ಮತ್ತೆ ವರ್ಗ. ಹೋದ ಹೋದ ಊರಿನ ವಿಳಾಸ ಬರೆಸುತ್ತ ಕೂರಲೇ? ನಮ್ಮ ಊರು ಧಾರವಾಡ’ ಎಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. ‘ಗಾಂವ್ ಕಹೀಂ ನಹೀಂ ಜಾತಾ ಬೆನ್, ಲಿಸ್ಟ್ ಚಲೀ ಜಾತೀ ಹೈ’ ಎಂದರು. ಊರು ಎಲ್ಲಿಗೂ ಓಡಿಹೋಗುವುದಿಲ್ಲ, ಪಟ್ಟಿ ಕೈತಪ್ಪುತ್ತದೆ ಎಂದು.

ನಿಜ ಹೇಳಬೇಕೆಂದರೆ ವರ್ಗ ಒಂದು ನೆಪ. ಮಗಳ ಕಾರ್ಡಿನಲ್ಲಿ ಅಪ್ಪನ ಹೆಸರಿತ್ತು, ಅದರ ಕೆಳಗೆ ಅಪ್ಪನ ಮನೆ. ನಾವು ಮೂವರೂ ಒಟ್ಟಿಗಿದ್ದದ್ದು ಆ ಮನೆಯಲ್ಲಿ, ಇನ್ನು ಉಳಿದದ್ದು ಆ ಮೂರು ಸಾಲಿನಲ್ಲಿ. ಅದನ್ನು ಅಳಿಸಿ ಅಲಕಾಪುರಿಯ ಯಾರದೋ ಬಾಡಿಗೆ ಫ್ಲಾಟಿನ ನಂಬರು ಬರೆಸಲು ನನಗೆ ಕೈ ಬರಲಿಲ್ಲ. ಇದನ್ನು ಕೋಚ್‌ಗೆ ಹೇಳಿದ್ದರೆ ಅವರಿಗೆ ಅರ್ಥವಾಗುತ್ತಿತ್ತೇನೋ. ಮಗಳಿಗೆ ಹೇಳಿದ್ದರೆ ಅವಳೇ ಕೈ ಹಿಡಿದು ಆಧಾರ್ ಕೇಂದ್ರಕ್ಕೆ ಎಳೆದುಕೊಂಡು ಹೋಗುತ್ತಿದ್ದಳು. ಯಾರಿಗೂ ಹೇಳಲಿಲ್ಲ.

ರದ್ದಾಗಿದ್ದ ಹುಡುಗಿಯರ ವಿಶ್ವಕಪ್ಪು ಕೊನೆಗೂ ದೇಶಕ್ಕೆ ಬಂದಾಗ ಅಹಮದಾಬಾದ್ ಅದರಲ್ಲಿರಲಿಲ್ಲ. ನಾವು ಟೀವಿಯಲ್ಲಿ ನೋಡಿದೆವು. ನಮ್ಮ ಹುಡುಗಿಯರು ಒಡಿಶಾದಲ್ಲಿ ಆಡಿದರು, ಗೋಲಿನ ಮೇಲೆ ಗೋಲು ಹೊಡೆಸಿಕೊಂಡರು. ನಾನು ತಡೆಯಲಾರದೆ ಬಂದ್ ಮಾಡು ಎಂದೆ. ಮಗಳು ರಿಮೋಟನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಗ್ಯಾಲರಿಯಲ್ಲಿ ಶಾಲೆಯ ಹುಡುಗಿಯರು ಮುಖಕ್ಕೆ ತ್ರಿವರ್ಣ ಬಳಿದುಕೊಂಡು ಕೊನೆಯ ನಿಮಿಷದವರೆಗೆ ಕೂಗುತ್ತಲೇ ಇದ್ದರು.

‘ನೋಡ ಅಮ್ಮಾ, ಸೋಲಾಕತ್ತಾರ, ಫಿರ್ ಭೀ ಒದರಾಕತ್ತಾರ’ ಎಂದಳು. ಸ್ವಲ್ಪ ಹೊತ್ತಿನ ಮೇಲೆ ಟೀವಿಯಿಂದ ಕಣ್ಣು ತೆಗೆಯದೆ, ‘ನಾ ಹೊರಗ ಕುಂತು ಒದರಂಗಿಲ್ಲ. ನಾ ಒಳಗ ಇರ್ತೀನಿ’ ಎಂದಳು. ಆ ವರ್ಷ ಅವಳಿಗೆ ಹದಿನಾಲ್ಕು. ಅಷ್ಟು ಸ್ವಚ್ಛ ಕನ್ನಡ ಅವಳ ಬಾಯಲ್ಲಿ ನಾನು ಮೊದಲು ಕೇಳಿರಲಿಲ್ಲ.

ಆಯ್ಕೆಯ ಶಿಬಿರ ನಡೆದದ್ದು ಮುಂದಿನ ಮೇ ತಿಂಗಳಲ್ಲಿ, ವಡೋದರಾದಲ್ಲೇ. ಎರಡು ದಿನ ರಜೆ ಹಾಕಿ ಹೋದೆ. ಬಿಸಿಲಿಗೆ ನೆಲ ಕಾದು ಕೂತ ಕುರ್ಚಿಯ ಕಬ್ಬಿಣ ಸುಡುತ್ತಿತ್ತು. ಎಲ್ಲ ಜಿಲ್ಲೆಗಳಿಂದ ಬಂದ ಹುಡುಗಿಯರು, ಅವರ ಅಪ್ಪಂದಿರು, ಅಣ್ಣಂದಿರು, ನೀರಿನ ಕ್ಯಾನುಗಳು. ಮಗಳು ಆಡುವುದನ್ನು ನಾನು ಪೂರ್ತಿಯಾಗಿ ಕೂತು ನೋಡಿದ್ದು ಅದೇ ಮೊದಲು. ಅವಳು ಹೆಚ್ಚು ಓಡುತ್ತಿರಲಿಲ್ಲ. ನಡೆದುಕೊಂಡು ಎಲ್ಲೋ ಹೋಗಿ ನಿಲ್ಲುತ್ತಿದ್ದಳು, ಒಂದು ಗಳಿಗೆಗೆ ಚೆಂಡು ಅಲ್ಲಿಗೇ ಬರುತ್ತಿತ್ತು. ಪಕ್ಕದಲ್ಲಿ ಕೂತಿದ್ದವರೊಬ್ಬರು ಯಾರ ಮಗಳು ಇವಳು ಎಂದು ಕೇಳಿದರು. ನನ್ನವಳು ಎಂದೆ.

ಎರಡನೆಯ ದಿನ ಮಧ್ಯಾಹ್ನ ಹೆಸರು ಓದಿದರು. ಅವಳ ಹೆಸರಿತ್ತು. ಬೆವರು, ಮಣ್ಣು ಯಾವುದನ್ನೂ ನೋಡದೆ ಬಂದು ನನ್ನನ್ನು ತಬ್ಬಿದಳು. ಆಮೇಲೆ ಕಾಗದ ತೋರಿಸುವ ಸಾಲು. ಮೇಜಿನ ಹಿಂದೆ ಕನ್ನಡಕದ ಒಬ್ಬರು ಕೂತಿದ್ದರು, ನನ್ನದೇ ವಯಸ್ಸು. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಪೆನ್ನಿನಿಂದ ಅದರ ಮೇಲೆ ತಟ್ಟಿದರು.

‘ಸರನಾಮು ಅಹೀಂನು ನಥೀ’ ಎಂದರು. ವಿಳಾಸ ಇಲ್ಲಿಯದಲ್ಲ.

ಅದೇ ಮಾತು. ನಾನು ಪಾಂಡೇಸರಾದಲ್ಲಿ ಹೇಳುತ್ತಿದ್ದ ದನಿಯೂ ಅದೇ, ಬಿರುಸೂ ಇಲ್ಲ, ಮೆತ್ತಗೂ ಇಲ್ಲ. ಶಾಲೆಯ ಪತ್ರ ಕೊಟ್ಟೆ, ಬಾಡಿಗೆಯ ಕರಾರು ಕೊಟ್ಟೆ, ಬ್ಯಾಂಕಿನ ವರ್ಗದ ಆದೇಶ ಕೊಟ್ಟೆ. ಆತ ಒಂದೊಂದನ್ನೂ ಓದಿ, ನೀಟಾಗಿ ಜೋಡಿಸಿ ವಾಪಸು ಕೊಟ್ಟರು. ಹೊರಗಿನ ಹುಡುಗಿಯರನ್ನು ಸೇರಿಸುತ್ತೀರಿ ಎಂದು ಹೋದ ಸಲ ದೂರು ಬಂದಿದೆ, ಆಧಾರ್ ಬಿಟ್ಟು ಬೇರೆ ಕಾಗದ ನಡೆಯುವುದಿಲ್ಲ ಎಂದರು. ನಾನು ಕೂಗಾಡಿದೆ. ಇಡೀ ಸಾಲು ತಿರುಗಿ ನೋಡುವಂತೆ ಕೂಗಾಡಿದೆ. ಕೋಚ್ ಕೈ ಮುಗಿದು ಕೇಳಿದರು. ಕನ್ನಡಕದವರು, ‘ನಾನೇನು ಮಾಡಲಿ ಬೆನ್, ನೀವೇ ಬ್ಯಾಂಕಿನವರು, ನಿಮಗೆ ಗೊತ್ತಿಲ್ಲವೇ’ ಎಂದರು. ಗೊತ್ತಿತ್ತು. ನನಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೋಚ್ ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡು ಬೇರೆ ಹುಡುಗಿಯರ ಕಡೆ ಹೋದರು. ಆಗ ಮಗಳಿಗೆ ತಿಳಿಯಿತು. ‘ಕೋಚ್ ಆಂಟಿ ನಿನಗ ಮೊದ್ಲ ಹೇಳಿದ್ರೇನು?’ ಎಂದು ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದಳು, ಎರಡನ್ನೂ ಒಂದಕ್ಕೊಂದು ಬಡಿದು ಮಣ್ಣು ಉದುರಿಸಿ ಚೀಲಕ್ಕೆ ಹಾಕಿದಳು. ‘ಚಲ್’ ಎಂದಳು. ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಧಾರವಾಡದ ವಿಳಾಸವಿದೆಯಲ್ಲ, ಕರ್ನಾಟಕದಿಂದಲೇ ಆಡಲಿ ಎಂದು ಬೆಂಗಳೂರಿನ ಫುಟ್‌ಬಾಲ್ ಸಂಸ್ಥೆಗೆ ಫೋನು ಹಚ್ಚಿದೆ. ಆ ಕಡೆಯವರು ಮರ್ಯಾದೆಯಿಂದಲೇ ಕೇಳಿದರು. ‘ಹುಡುಗಿ ಇಲ್ಲಿ ಯಾವ ಸ್ಕೂಲು ಮೇಡಂ? ಯಾವ ಕ್ಲಬ್ಬು?’ ಯಾವುದೂ ಇಲ್ಲ ಎಂದೆ. ‘ಹಾಗಾದ್ರೆ ಅವಳು ನಿಮ್ಮ ಗುಜರಾತಿನವಳೇ ಆಗ್ತಾಳೆ’ ಎಂದರು. ಫೋನಿಟ್ಟೆ.

ಜೂನಿನಲ್ಲಿ ಅಹಮದಾಬಾದಿಗೆ ವರ್ಗವಾಯಿತು, ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಮನೆ ಸಿಕ್ಕಿತು. ಸಾಮಾನು ಇಳಿಸಿದ ಮರುದಿನವೇ ಆಧಾರ್ ಕೇಂದ್ರದ ಬಾಗಿಲಲ್ಲಿ ನಿಂತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೊಸ ಕಾರ್ಡು ಬಂದಾಗ ಮಗಳ ಮುಂದೆ ಇಟ್ಟೆ. ಅವಳು ಅದನ್ನು ಮುಟ್ಟದೆ ಓದಿ, ‘ಈಗ ಯಾಕ?’ ಎಂದಳು. ಈಗಿನಿಂದ ಒಂದು ವರ್ಷ ತುಂಬುವಷ್ಟರಲ್ಲಿ ಆ ವಯಸ್ಸಿನ ತಂಡಕ್ಕೆ ಅವಳು ದೊಡ್ಡವಳಾಗಿಬಿಡುತ್ತಾಳೆ. ಅದರ ಮುಂದಿನ ತಂಡಕ್ಕೆ ಇದರಲ್ಲಿ ಆಡಿದವರನ್ನೇ ಮೊದಲು ಕರೆಯುತ್ತಾರೆ. ಇದನ್ನೆಲ್ಲ ಅವಳು ನಿಧಾನವಾಗಿ, ಸಣ್ಣ ಮಕ್ಕಳಿಗೆ ಹೇಳುವಂತೆ ನನಗೆ ತಿಳಿಸಿ ಹೇಳಿದಳು. ಬೂಟು ಲಾರಿಯವರು ನಂಬರು ಬರೆದ ಡಬ್ಬಿಯಲ್ಲೇ ಉಳಿಯಿತು, ಡಬ್ಬಿ ಅಟ್ಟದ ಮೇಲೆ ಹೋಯಿತು. ಹತ್ತಿರದಲ್ಲೇ ಮೈದಾನವಿದೆ, ಸುಮ್ಮನೆ ಆಡಲಾದರೂ ಹೋಗು ಎಂದು ಎಷ್ಟು ಸಲ ಹೇಳಿದೆನೋ. ಹೋಗಲಿಲ್ಲ.

ಆದರೆ ನೋಡುವುದನ್ನು ಬಿಡಲಿಲ್ಲ. ಆ ವರ್ಷ ವಿಶ್ವಕಪ್ಪು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿತ್ತು, ಪಂದ್ಯಗಳೆಲ್ಲ ನಮಗೆ ಹಗಲು ಹೊತ್ತು. ಇದ್ದಕ್ಕಿದ್ದಂತೆ ಊರಿಗೆಲ್ಲ ಹುಚ್ಚು ಹತ್ತಿತ್ತು. ನಾಲ್ಕು ವರ್ಷದ ಹಿಂದೆ ಹೊಸ್ತಿಲ ಮೇಲೆ ಕೂತು ಬಾಯಿಗೆ ಕೈ ಒತ್ತಿಕೊಂಡು ನೋಡಿದವಳು ನನ್ನ ಮಗಳು. ಈಗ ಗಾಳಿ ಬಂದಾಗ ತೂರಿಕೊಳ್ಳುವವರೆಲ್ಲ ಜರ್ಸಿ ಹಾಕಿಕೊಂಡಿದ್ದರು. ಅವಳಿಗೆ ಅದರಿಂದ ಬೇಜಾರಿಲ್ಲ, ನನಗಿತ್ತು. ಅವಳೂ ಕೆಂಪು ಜರ್ಸಿ ತರಿಸಿಕೊಂಡಳು, ಮೊಬೈಲಿನಲ್ಲಿ ಯಾವುದೋ ಅಭಿಮಾನಿಗಳ ಗುಂಪು ಸೇರಿದಳು. ಫೈನಲ್ ದಿನ ಭಾನುವಾರ, ಮಧ್ಯಾಹ್ನ. ‘ಬರ್ತೀಯೇನು?’ ಎಂದು ಕೇಳಿದಳು. ಮೇ ತಿಂಗಳಾದ ಮೇಲೆ ಅವಳಾಗಿ ನನ್ನನ್ನು ಎಲ್ಲಿಗಾದರೂ ಕರೆದದ್ದು ಅದೇ ಮೊದಲು. ಉಟ್ಟ ಸೀರೆಯಲ್ಲೇ ಹೊರಟೆ.

ಮನೆಯಿಂದ ಹತ್ತು ನಿಮಿಷದ ಕೆಫೆ, ಮೊದಲ ಮಹಡಿ. ಮೆಟ್ಟಿಲ ತನಕ ಜನ, ಹೆಚ್ಚಿನವರು ಹುಡುಗಿಯರೇ. ಕೆನ್ನೆಗೆ ಬಣ್ಣ, ಕೊರಳಿಗೆ ಬಾವುಟ, ಯಾರೋ ನವರಾತ್ರಿಯ ಢೋಲು ಬೇರೆ ತಂದಿದ್ದರು. ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಬಂದು ಮುಂದಿನ ಸಾಲಿನಲ್ಲಿ ಡಬ್ಬಿಯಿಂದ ಥೇಪ್ಲಾ ತಿನ್ನುತ್ತ ಕೂತಿದ್ದರು. ಪರದೆಯಲ್ಲಿ ತುಂಬಿದ ಸ್ಟೇಡಿಯಂ, ಇಲ್ಲಿ ತುಂಬಿದ ಕೋಣೆ. ಎರಡೂ ಕೂಗು ಸೇರಿ ಎದೆ ನಡುಗುತ್ತಿತ್ತು. ಇಷ್ಟು ಜನ ಹುಡುಗಿಯರು ಇಷ್ಟು ಜೋರಾಗಿ ಕೂಗುವುದನ್ನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಇವರಲ್ಲಿ ಎಷ್ಟು ಜನ ಆಡುವುದನ್ನು ಬಿಟ್ಟು ಇಲ್ಲಿ ಬಂದು ಕೂತಿದ್ದಾರೋ ಎಂದು ಒಂದು ಯೋಚನೆ ಬಂತು, ಆಮೇಲೆ ಹೋಗಲೇ ಇಲ್ಲ.

ಮಗಳ ಆ ಪಕ್ಕದಲ್ಲಿ ಎಂಟೊಂಬತ್ತು ವರ್ಷದ ಒಂದು ಹುಡುಗಿ, ಎರಡೂ ಕೆನ್ನೆಗೆ ಕೆಂಪು ಹಳದಿ. ಪ್ರತಿಯೊಂದಕ್ಕೂ ಅದೇಕೆ, ಇದೇಕೆ ಎಂದು ಕೇಳುತ್ತಿತ್ತು. ಮಗಳು ಗುಜರಾತಿಯಲ್ಲಿ ಸಮಾಧಾನವಾಗಿ ಹೇಳುತ್ತಿದ್ದಳು. ಒಮ್ಮೆ ಬಗ್ಗಿ, ‘ಎಡಗಡೆ ನೋಡುತ್ತಿರು, ಅಲ್ಲಿ ಜಾಗ ಖಾಲಿ ಬಿಟ್ಟಿದ್ದಾರೆ’ ಎಂದಳು. ಸ್ವಲ್ಪ ಹೊತ್ತಿಗೆ ಎಡಗಡೆಯಿಂದ ಕೆಂಪಂಗಿಯವಳೊಬ್ಬಳು ಓಡಿಬಂದು, ನೆಲಕ್ಕೆ ಹತ್ತಿದಂತೆ ಒದ್ದು ಗೋಲು ಹೊಡೆದಳು. ಕೋಣೆಗೆ ಕೋಣೆಯೇ ಎದ್ದು ಕುಣಿಯಿತು. ಢೋಲು, ಸೀಟಿ, ಅಜ್ಜಿಯ ಕೈಯ ಥೇಪ್ಲಾ ನೆಲಕ್ಕೆ. ನನ್ನ ಮಗಳೂ ಎದ್ದು ನಿಂತು ಬಾಯಿ ತುಂಬ ಕೂಗಿದಳು. ಹೊರಗೆ ಕೂತು ಒದರುವುದಿಲ್ಲ ಎಂದಿದ್ದವಳು.

ಗದ್ದಲ ಇಳಿದ ಮೇಲೆ ಆ ಪುಟ್ಟ ಹುಡುಗಿ ಕಣ್ಣು ದೊಡ್ಡದು ಮಾಡಿಕೊಂಡು ನೋಡಿತು. ‘ದೀದಿ, ನಿನಗೆ ಹೇಗೆ ಗೊತ್ತಾಯಿತು? ನೀನು ಆಡುತ್ತೀಯಾ?’

‘ಇಲ್ಲ. ನೋಡುತ್ತೇನೆ ಅಷ್ಟೇ’ ಎಂದಳು ಮಗಳು.

‘ಯಾಕೆ ಆಡುವುದಿಲ್ಲ? ನಿನಗೆ ಎಲ್ಲಾ ಗೊತ್ತಲ್ಲ!’

ನನಗೆ ಬಾಯಿ ಹಾಕಬೇಕೆನಿಸಿತು. ಅವಳು ಆಡುತ್ತಾಳೆ ಮರಿ, ಅವಳ ಹೆಸರು ಪಟ್ಟಿಯಲ್ಲಿತ್ತು, ತಪ್ಪು ನನ್ನದು ಎನ್ನಬೇಕೆನಿಸಿತು. ನನ್ನ ಪರ್ಸಿನಲ್ಲಿ ಸ್ಯಾಟಲೈಟ್ ವಿಳಾಸದ ಅವಳ ಹೊಸ ಕಾರ್ಡಿತ್ತು. ಅಷ್ಟರಲ್ಲಿ ಮಗಳು ಮಗುವಿನ ಕೆನ್ನೆಯ ಮೇಲೆ ಕದಡಿಹೋಗಿದ್ದ ಬಣ್ಣವನ್ನು ಬೆರಳಿನಿಂದ ಸರಿಮಾಡುತ್ತ ಉತ್ತರ ಕೊಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಕೇಳಿಸಲಿ ಎಂದು ಹೇಳಿದ್ದೂ ಅಲ್ಲ. ಚಿಕ್ಕಂದಿನಲ್ಲಿ ಪಕ್ಕದ ಮನೆಯಾಕೆಗೆ ಒಪ್ಪಿಸುತ್ತಿದ್ದ ಪಾಠ, ತಾನಾಗಿ ಬಂತು.

‘ಅಮೇ ಅಹೀಂನಾ ನಥೀ’ ಎಂದಳು. ‘ಧಾರವಾಡನಾ ಛೀಏ.’